ಪುರಸಭೆಯ ನಡವಳಿಯನ್ನು ಓದುವ ಬಗೆ

ಸಣ್ಣ ಪಟ್ಟಣವೊಂದರಲ್ಲಿ ಮುಂಜಾನೆ ನಲ್ಲಿಗೆ ನೀರು ಬರುವುದರಿಂದ ಮೊದಲ್ಗೊಂಡು ಸಂಜೆ ಬೀದಿಯ ದೀಪ ಹೊತ್ತುವವರೆಗೆ ಜನರ ದಿನಚರಿಯೆಲ್ಲವೂ ಪುರಸಭೆಯ ತೀರ್ಮಾನಗಳಿಗೆ ಒಳಪಟ್ಟಿರುತ್ತದೆ. ಆದರೂ ಲೋಕಸಭೆಯಲ್ಲಿ ಯಾರು ಏನು ನುಡಿದರೆಂಬುದನ್ನು ಕಟ್ಟೆಯ ಮೇಲೆ ಕುಳಿತು ಗಂಟೆಗಟ್ಟಲೆ ಚರ್ಚಿಸುವ ನಾವು, ನಮ್ಮ ಓಣಿಯ ಚರಂಡಿಗೆ ಎಷ್ಟು ಹಣ ಮಂಜೂರಾಯಿತು, ಅದು ಯಾವ ಸಭೆಯಲ್ಲಿ ಆಯಿತು ಎಂದು ಕೇಳಿದರೆ ನಿರುತ್ತರರಾಗುತ್ತೇವೆ. ಪ್ರೌಢಶಾಲೆಯ ಪೌರನೀತಿಯ ಪಾಠದಲ್ಲಿ ಸ್ಥಳೀಯ ಸಂಸ್ಥೆಗಳ ರಚನೆಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯೂ ತನ್ನ ಊರಿನ ಪುರಸಭೆಯ ಸಭಾಭವನದೊಳಗೆ ಒಮ್ಮೆಯಾದರೂ ಕಾಲಿಟ್ಟಿರುವುದು ವಿರಳ. ಪುರಸಭೆಯ ಸಭೆಗಳನ್ನೂ ತೀರ್ಮಾನಗಳನ್ನೂ ಹೊರಗಿನವನೊಬ್ಬನು ಅನುಸರಿಸಿ ತಿಳಿಯುವುದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದೆರಡು ಮಾತು ಇತಿಹಾಸದ ಬಗ್ಗೆ. ನಮ್ಮ ನಾಡಿನ ಪುರಸಭೆಗಳು ಒಂದೇ ಬೇರಿನಿಂದ ಚಿಗುರಿದವುಗಳಲ್ಲ. ಮುಂಬಯಿ ಪ್ರಾಂತದ ಊರುಗಳಲ್ಲಿ 1850ರ 26ನೆಯ ಕಾಯಿದೆಯ ಮೇರೆಗೆ ಇವು ಹುಟ್ಟಿದವು. ಹುಬ್ಬಳ್ಳಿಯ ಪುರಸಭೆ 1855ರಲ್ಲಿಯೂ ಧಾರವಾಡದ ಪುರಸಭೆ 1856ರಲ್ಲಿಯೂ ಸ್ಥಾಪಿತವಾದವು. ಬೆಂಗಳೂರಿನಲ್ಲಿ 1862ರಲ್ಲಿ ಇಂಥ ಮಂಡಳಿ ಏರ್ಪಟ್ಟಿತು. 1882ರಲ್ಲಿ ಲಾರ್ಡ್ ರಿಪನ್ನರ ಠರಾವು ಹೊರಬಿದ್ದ ಮೇಲೆ ಜನರಿಂದ ಆಯ್ಕೆಯಾದ ಸದಸ್ಯರಿಗೆ ಈ ಮಂಡಳಿಗಳಲ್ಲಿ ಸ್ಥಾನ ದೊರೆಯುತ್ತ ಬಂದಿತು. ಏಕೀಕರಣದ ಕಾಲಕ್ಕೆ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಿಂದ ಬಂದ ಬೇರೆ ಬೇರೆ ಕಾನೂನುಗಳು ಒಂದೇ ರಾಜ್ಯದಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದವು. ಅವೆಲ್ಲವನ್ನೂ ರದ್ದುಪಡಿಸಿ ಬಂದದ್ದು 1964ರ ಪುರಸಭೆಗಳ ಅಧಿನಿಯಮ. ಅದು 1965ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಉತ್ತರ ಕರ್ನಾಟಕದ ಕಚೇರಿಗಳಲ್ಲಿ ಇಂದಿಗೂ 'ಠರಾವು', 'ಉತಾರ' ಎಂಬ ಮಾತುಗಳು ಕೇಳಿಬರುವುದಕ್ಕೆ, ದಕ್ಷಿಣದಲ್ಲಿ 'ನಿರ್ಣಯ', 'ಖಾತೆ' ಎನ್ನುವುದಕ್ಕೆ ಆ ಹಳೆಯ ಆಡಳಿತಗಳೇ ಕಾರಣ.

1992ರ 74ನೆಯ ಸಂವಿಧಾನ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದು ಈ ಸಂಸ್ಥೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ಕಲ್ಪಿಸಿತು. ಐದು ವರ್ಷಗಳ ಅವಧಿ, ರಾಜ್ಯ ಚುನಾವಣಾ ಆಯೋಗದ ಮೂಲಕ ಚುನಾವಣೆ, ಪರಿಶಿಷ್ಟರಿಗೂ ಮಹಿಳೆಯರಿಗೂ ಮೀಸಲಾತಿ, ರಾಜ್ಯ ಹಣಕಾಸು ಆಯೋಗ, ಹದಿನೆಂಟು ವಿಷಯಗಳ ಹನ್ನೆರಡನೆಯ ಅನುಸೂಚಿ ಇವೆಲ್ಲ ಆ ತಿದ್ದುಪಡಿಯ ಫಲಗಳು. ನಮ್ಮ ರಾಜ್ಯದಲ್ಲಿ ಸ್ಥೂಲವಾಗಿ ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯತಿ, ಇಪ್ಪತ್ತರಿಂದ ಐವತ್ತು ಸಾವಿರದವರೆಗೆ ಪುರಸಭೆ, ಅಲ್ಲಿಂದ ಮೂರು ಲಕ್ಷದವರೆಗೆ ನಗರಸಭೆ ಎಂಬ ವಿಂಗಡಣೆಯಿದೆ. ಪುರಸಭೆಯಲ್ಲಿ ಇಪ್ಪತ್ತಮೂರೋ ಇಪ್ಪತ್ತೇಳೋ ವಾರ್ಡುಗಳಿರುವುದು ಸಾಮಾನ್ಯ. ಚುನಾಯಿತ ಸದಸ್ಯರಲ್ಲದೆ ಕ್ಷೇತ್ರದ ಶಾಸಕರೂ ಸಂಸದರೂ ಸಭೆಯ ಸದಸ್ಯರಾಗಿರುತ್ತಾರೆ; ಸರ್ಕಾರವು ನಾಮಕರಣ ಮಾಡಿದವರು ಮಾತನಾಡಬಹುದು, ಮತ ಚಲಾಯಿಸುವಂತಿಲ್ಲ. ಸಭೆಗೆ ಅಧ್ಯಕ್ಷರು, ಕಚೇರಿಗೆ ಮುಖ್ಯಾಧಿಕಾರಿಗಳು. ಈ ಇಬ್ಬರ ಅಧಿಕಾರಗಳು ಬೇರೆ ಬೇರೆ ಎಂಬುದನ್ನು ಅರಿಯದವನು ಅಹವಾಲನ್ನು ಹಿಡಿದು ತಪ್ಪು ಬಾಗಿಲನ್ನೇ ತಟ್ಟುತ್ತಿರುತ್ತಾನೆ. ನೀತಿಯನ್ನು ಗೊತ್ತುಪಡಿಸಿ ಹಣವನ್ನು ಮಂಜೂರು ಮಾಡುವುದು ಸಭೆಯ ಕೆಲಸ; ಅದನ್ನು ಕಾರ್ಯಗತಗೊಳಿಸಿ ಲೆಕ್ಕವಿಡುವುದು ಮುಖ್ಯಾಧಿಕಾರಿಯ ಕೆಲಸ.

ಇಲ್ಲಿ ಗಮನಿಸಬೇಕಾದ ಒಂದು ಕೊರತೆಯಿದೆ. ಹಳ್ಳಿಯಲ್ಲಿರುವವನಿಗೆ ಗ್ರಾಮಸಭೆಯೆಂಬುದೊಂದು ಇದೆ. ಮತದಾರರೆಲ್ಲರೂ ಸೇರಿ ಪಂಚಾಯತಿಯ ಲೆಕ್ಕವನ್ನು ಕೇಳಬಹುದಾದ, ಫಲಾನುಭವಿಗಳ ಪಟ್ಟಿಯನ್ನು ಪರಿಶೀಲಿಸಬಹುದಾದ ಸಭೆ ಅದು. ಅದು ಎಷ್ಟೇ ಕಾಟಾಚಾರಕ್ಕೆ ನಡೆದರೂ ಕಾನೂನಿನಲ್ಲಿ ಅದಕ್ಕೆ ಸ್ಥಾನವಿದೆ. ಮಹಾನಗರದವನಿಗೆ ವಾರ್ಡು ಸಮಿತಿಯಿದೆ. ಮೂರು ಲಕ್ಷ ಮತ್ತು ಅದಕ್ಕೂ ಮಿಕ್ಕಿದ ಜನಸಂಖ್ಯೆಯ ನಗರಗಳಲ್ಲಿ ಅದು ಇರಲೇಬೇಕೆಂದು ಸಂವಿಧಾನವೇ ವಿಧಿಸಿದೆ. ಇವೆರಡರ ನಡುವೆ ಸಿಕ್ಕ ಸಣ್ಣ ಪಟ್ಟಣದ ನಿವಾಸಿಗೆ ಸಂವಿಧಾನವು ಅಂಥ ಯಾವ ವೇದಿಕೆಯನ್ನೂ ಕಡ್ಡಾಯಗೊಳಿಸಿಲ್ಲ. ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿ, ಚನ್ನಮ್ಮನ ಕಿತ್ತೂರು, ಕಲ್ಲೋಳಿಗಳಂತೆ ಗ್ರಾಮ ಪಂಚಾಯತಿಯಿಂದ ಪಟ್ಟಣ ಪಂಚಾಯತಿಯಾಗಿ ಮೇಲೇರಿದ ಊರುಗಳು ಅನೇಕ. ಮೇಲೇರಿದ ದಿನವೇ ಆ ಊರಿನವರು ಗ್ರಾಮಸಭೆಯನ್ನು ಕಳೆದುಕೊಂಡರು. ಗ್ರಾಮೀಣ ಪ್ರದೇಶಕ್ಕೆ ಮೀಸಲಾದ ಉದ್ಯೋಗ ಖಾತರಿಯ ಕೂಲಿಯೂ ಅದರೊಂದಿಗೆ ಹೋಯಿತು. ಮನೆಯ ತೆರಿಗೆ ಮಾತ್ರ ಏರಿತು. 'ಪಟ್ಟಣ' ಎಂಬ ಹೆಸರಿನ ಹಿರಿಮೆಗೆ ತೆತ್ತ ಬೆಲೆ ಸಣ್ಣದಲ್ಲ. ಆದುದರಿಂದ ಇಂಥ ಊರಿನಲ್ಲಿ ತಿಂಗಳ ಸಾಮಾನ್ಯ ಸಭೆ ಮತ್ತು ಅದರ ನಡವಳಿ ಪುಸ್ತಕ ಇವೆರಡೇ ಸಾರ್ವಜನಿಕನಿಗೆ ಉಳಿದಿರುವ ಕಿಟಕಿಗಳು.

ಆ ಕಿಟಕಿಯೂ ಮುಚ್ಚಿಹೋಗುವ ಕಾಲವುಂಟು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆದು ಸೆಪ್ಟೆಂಬರ್ 3ರಂದು ಫಲಿತಾಂಶ ಪ್ರಕಟವಾಯಿತು. ಜನ ಮತ ಹಾಕಿದ್ದಾಯಿತು, ಸದಸ್ಯರು ಗೆದ್ದದ್ದಾಯಿತು, ಹಾರ ತುರಾಯಿಗಳೂ ಆದವು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ಸರದಿಯ ಕುರಿತ ವ್ಯಾಜ್ಯವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದುದರಿಂದ ಬಹುತೇಕ ಕಡೆಗಳಲ್ಲಿ 2020ರ ಕೊನೆಯ ತಿಂಗಳುಗಳವರೆಗೆ ಅಧ್ಯಕ್ಷರ ಆಯ್ಕೆಯೇ ನಡೆಯಲಿಲ್ಲ. ಎರಡು ವರ್ಷಗಳಿಗೂ ಮಿಕ್ಕಿ ಗೆದ್ದ ಸದಸ್ಯರು ಹೊರಗೆ, ಸರ್ಕಾರದ ಆಡಳಿತಾಧಿಕಾರಿಗಳು ಒಳಗೆ. ಅಧ್ಯಕ್ಷರ ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಮತ್ತೆ ಅದೇ ಕಥೆ. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ಆಡಳಿತಾಧಿಕಾರಿಯ ಕಾಲದಲ್ಲಿಯೂ ಠರಾವುಗಳು ಆಗುತ್ತವೆ, ಹಣವೂ ಖರ್ಚಾಗುತ್ತದೆ. ಆದರೆ ಅಲ್ಲಿ ಚರ್ಚೆಯಿಲ್ಲ, ವಿರೋಧವಿಲ್ಲ, ಪ್ರಶ್ನಿಸುವವರಿಲ್ಲ. ಒಬ್ಬರೇ ಸೂಚಿಸಿ ಒಬ್ಬರೇ ಅನುಮೋದಿಸುವ ಸಭೆಯದು. ತನ್ನ ಊರಿನ ಕಡತಗಳನ್ನು ಅಭ್ಯಾಸ ಮಾಡಲಿಚ್ಛಿಸುವವನು ಮೊದಲು ಈ ಅವಧಿಗಳನ್ನು ಗುರುತು ಹಾಕಿಕೊಳ್ಳಬೇಕು. ಆಗ ನಡೆದ ಕಾಮಗಾರಿಗಳಿಗೆ ಜನಪ್ರತಿನಿಧಿಗಳ ಹೊಣೆಯನ್ನು ಹುಡುಕಹೊರಡುವುದು ವ್ಯರ್ಥ.

ಇನ್ನು ಸಭೆಯ ವಿಚಾರ. ಸಾಮಾನ್ಯ ಸಭೆಯು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ನಿಯಮ. ಎರಡು ಮೂರು ತಿಂಗಳಿಗೊಮ್ಮೆ ಸೇರುವುದು ಅನೇಕ ಊರುಗಳ ರೂಢಿ. ಸಭೆಗೆ ಮುಂಚಿತವಾಗಿಯೇ ದಿನಾಂಕ, ವೇಳೆ, ಚರ್ಚೆಯ ವಿಷಯಗಳನ್ನು ತಿಳಿಸುವ ನೋಟಿಸು ಸದಸ್ಯರಿಗೆ ತಲುಪಬೇಕು. ಸಭೆಯು ಸಾರ್ವಜನಿಕರಿಗೆ ತೆರೆದಿರುತ್ತದೆ. ಯಾವುದಾದರೊಂದು ವಿಷಯವನ್ನು ಗೋಪ್ಯವಾಗಿ ಚರ್ಚಿಸತಕ್ಕದ್ದೆಂದು ಅಧ್ಯಕ್ಷತೆ ವಹಿಸಿದವರು ಭಾವಿಸಿದರೆ, ಅಥವಾ ಪ್ರೇಕ್ಷಕನು ಸಭೆಗೆ ಅಡ್ಡಿಪಡಿಸಿದರೆ ಮಾತ್ರ ಹೊರಗೆ ಕಳುಹಿಸಬಹುದು. ಪ್ರೇಕ್ಷಕನಿಗೆ ಮಾತನಾಡುವ ಹಕ್ಕಿಲ್ಲ, ಕೇಳುವ ಅವಕಾಶವುಂಟು. ಹೀಗಿದ್ದರೂ ಪತ್ರಿಕೆಯ ವರದಿಗಾರರನ್ನು ಬಿಟ್ಟರೆ ಗ್ಯಾಲರಿಯ ಕುರ್ಚಿಗಳು ಬರಿದಾಗಿಯೇ ಇರುತ್ತವೆ. ಅಧ್ಯಕ್ಷರ ಚುನಾವಣೆಯ ದಿನ ಮಾತ್ರ ಕಚೇರಿಯ ಆವರಣದಲ್ಲಿ ಜಾತ್ರೆ ನೆರೆಯುತ್ತದೆ. ಆ ಚುನಾವಣೆಗೆ ಮುನ್ನ ಸದಸ್ಯರು ಒಟ್ಟಾಗಿ 'ಪ್ರವಾಸ' ಹೋಗಿಬರುವ ಪದ್ಧತಿಯನ್ನು 1987ರ ಪಕ್ಷಾಂತರ ನಿಷೇಧ ಕಾನೂನಿಗೂ ತಡೆಯಲಾಗಿಲ್ಲ.

ವಿಷಯಪಟ್ಟಿಯನ್ನು ಓದುವುದೇ ಒಂದು ಅಭ್ಯಾಸ. ಮೊದಲನೆಯದು ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು; ಎರಡನೆಯದು ಸಾಮಾನ್ಯವಾಗಿ ಜಮಾಖರ್ಚಿನ ಮಂಜೂರಾತಿ. ಇವೆರಡೂ ಔಪಚಾರಿಕವೆಂದು ಭಾವಿಸಿ ಸದಸ್ಯರು ಚಹಾ ಕುಡಿಯುವಷ್ಟರಲ್ಲಿ ಮುಗಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಸಭೆಯಲ್ಲಿ ಮುಖ್ಯವಾದವುಗಳು ಇವೇ. ಹಿಂದಿನ ಸಭೆಯಲ್ಲಿ ಆಡಿದ್ದು ಒಂದು, ಬರೆದದ್ದು ಇನ್ನೊಂದು ಆಗಿದ್ದರೆ ಅದನ್ನು ಸರಿಪಡಿಸಲು ಇರುವ ಅವಕಾಶವೇ ದೃಢೀಕರಣ. ಅದು ದಾಟಿತೆಂದರೆ ಬರೆದದ್ದೇ ನಡೆದದ್ದೆಂದು ಸ್ಥಿರವಾಗುತ್ತದೆ. ನಡುವಿನ ವಿಷಯಗಳು ಕ್ರಿಯಾಯೋಜನೆ, ಟೆಂಡರು ದರಗಳ ಅಂಗೀಕಾರ, ಮಳಿಗೆಗಳ ಹರಾಜು, ಸಂತೆಕರ ವಸೂಲಿಯ ಗುತ್ತಿಗೆ, ಸಾರ್ವಜನಿಕರ ಅರ್ಜಿಗಳು ಇತ್ಯಾದಿ. ಕೊನೆಯಲ್ಲಿ 'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು' ಎಂಬ ಸಾಲು ಇರುತ್ತದೆ. ಈ ಸಾಲನ್ನು ಲಘುವಾಗಿ ಎಣಿಸಬಾರದು. ನೋಟಿಸಿನಲ್ಲಿ ಹೆಸರಿಸದ ವಿಷಯವು ಸದಸ್ಯರು ಏಳುವ ಹೊತ್ತಿಗೆ, ಅರ್ಧ ಖಾಲಿಯಾದ ಸಭೆಯ ಮುಂದೆ ಬರುವುದು ಈ ಬಾಗಿಲಿನಿಂದಲೇ. ಹಾಗೆಯೇ 'ಘಟನೋತ್ತರ ಮಂಜೂರಾತಿ' ಎಂಬ ಪದ. ಕೆಲಸವೂ ಆಗಿಹೋಗಿದೆ, ಈಗ ಒಪ್ಪಿಗೆ ಕೊಡಿರಿ ಎಂಬುದು ಅದರ ಅರ್ಥ. ಬೇಸಿಗೆಯಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟಾಗ ಸಭೆಯನ್ನು ಕಾಯುತ್ತ ಕುಳಿತುಕೊಳ್ಳಲಾಗದು. ಆಗ ಇದು ನ್ಯಾಯವೇ. ಆದರೆ ಒಂದೇ ಪಟ್ಟಿಯಲ್ಲಿ ಇಂಥವು ಹತ್ತು ಹನ್ನೆರಡು ಕಂಡರೆ ಸಭೆಯು ತೀರ್ಮಾನಿಸುವುದನ್ನು ನಿಲ್ಲಿಸಿ ರುಜು ಹಾಕಲು ತೊಡಗಿದೆಯೆಂದು ತಿಳಿಯಬಹುದು.

ನಡವಳಿಯ ಭಾಷೆಗೆ ತನ್ನದೇ ಆದ ಗಾಂಭೀರ್ಯವಿದೆ, ತನ್ನದೇ ಆದ ಮೌನವೂ ಇದೆ. 'ವಿಷಯವನ್ನು ಸಭೆಯಲ್ಲಿ ಓದಿ ಹೇಳಲಾಯಿತು. ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂಬ ಬಗೆಯ ವಾಕ್ಯ ಪುಟಪುಟದಲ್ಲಿಯೂ ಬರುತ್ತದೆ. ಮೇಜು ಕುಟ್ಟಿ ನಡೆದ ವಾಗ್ವಾದವೂ ಈ ಒಂದು ವಾಕ್ಯದೊಳಗೆ ಅಡಗಿಹೋಗಬಲ್ಲದು. ಯಾವ ಸದಸ್ಯನು ಏಕೆ ವಿರೋಧಿಸಿದನೆಂಬುದು ದಾಖಲಾಗಬೇಕಾದರೆ ಆತನು ತನ್ನ ಭಿನ್ನಮತವನ್ನು ಬರೆದುಕೊಳ್ಳುವಂತೆ ಅಲ್ಲಿಯೇ ಒತ್ತಾಯಿಸಬೇಕು. ಮರುದಿನ ಪತ್ರಿಕೆಗೆ ಹೇಳಿಕೆ ಕೊಟ್ಟರೆ ಅದು ದಾಖಲೆಯಾಗದು. ಆದ್ದರಿಂದ ಅಭ್ಯಾಸಿಯು ನಡವಳಿಯಲ್ಲಿ ನೋಡಬೇಕಾದದ್ದು ಬೇರೆಯದು: ಹಾಜರಿದ್ದವರ ಹೆಸರು, ಸೂಚಕರು ಯಾರು, ಅನುಮೋದಕರು ಯಾರು, ಮುಂದೂಡಿದ ವಿಷಯ ಯಾವುದು, ಅದು ಮತ್ತೆ ಯಾವ ತಿಂಗಳು ತಲೆಯೆತ್ತಿತು. ಒಂದು ವರ್ಷದ ನಡವಳಿಗಳನ್ನು ಒಟ್ಟಿಗಿಟ್ಟು ಓದಿದರೆ ಒಂದೇ ಜೋಡಿ ಹೆಸರುಗಳು ಒಂದೇ ಬಗೆಯ ವಿಷಯಗಳಿಗೆ ಸೂಚಕ, ಅನುಮೋದಕರಾಗಿ ಬರುತ್ತಿರುವುದು ಕಣ್ಣಿಗೆ ಬೀಳಬಹುದು. ಅದರಿಂದ ಅಪರಾಧವೇನೂ ಸಿದ್ಧವಾಗದು. ಆದರೆ ಸಭೆಯ ಒಳಗಿನ ಬಣಗಳು ಹೇಗೆ ಕೂಡಿಕೊಂಡಿವೆಯೆಂಬುದು ತಿಳಿಯುತ್ತದೆ. ಸದಸ್ಯನು ಪುರಸಭೆಯ ಗುತ್ತಿಗೆಯಲ್ಲಿ ಪಾಲು ಹೊಂದಿರುವಂತಿಲ್ಲವೆಂಬ ನಿಯಮವನ್ನೂ ನೆನಪಿನಲ್ಲಿಡತಕ್ಕದ್ದು.

ಮಹಿಳಾ ಸದಸ್ಯೆಯರ ಬಗ್ಗೆ ಒಂದು ಮಾತು ಹೇಳದೆ ಮುಂದುವರಿಯಲಾರೆ. ಹಾಜರಿ ಪುಸ್ತಕದಲ್ಲಿ ಸದಸ್ಯೆಯ ಸಹಿ, ಕಚೇರಿಯ ಕೋಣೆಯಲ್ಲಿ ಆಕೆಯ ಪತಿಯ ಮಾತು ಎಂಬ ಪರಿಸ್ಥಿತಿ ಅನೇಕ ಊರುಗಳಲ್ಲಿ ಕಂಡುಬಂದಿದೆ. ಇದನ್ನು ಆ ಹೆಣ್ಣುಮಗಳ ಅಸಮರ್ಥತೆಯೆಂದು ನಗುವವರಿದ್ದಾರೆ. ನೀರಿನ ಸರದಿ ತಪ್ಪಿದ ದಿನ ಬಿಂದಿಗೆ ಹಿಡಿದು ನಿಲ್ಲುವವರು ಯಾರೆಂಬುದನ್ನು ಅವರು ಮರೆತಂತಿದೆ. ಗ್ಯಾಲರಿಯಲ್ಲಿ ವಾರ್ಡಿನ ನಾಲ್ಕು ಜನ ಹೆಂಗಸರು ಕುಳಿತಿದ್ದರೆ ಸದಸ್ಯೆಗೆ ಎದ್ದು ನಿಂತು ಮಾತನಾಡುವ ಧೈರ್ಯ ತಾನಾಗಿಯೇ ಬರುತ್ತದೆ. ಪತಿಯು ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾನೆ.

ಹಣದ ಮೂಲಗಳನ್ನು ತಿಳಿಯದೆ ತೀರ್ಮಾನಗಳನ್ನು ಅರಿಯಲಾಗದು. ಪುರಸಭೆಯ ಸ್ವಂತ ಆದಾಯದಲ್ಲಿ ಆಸ್ತಿ ತೆರಿಗೆಯೇ ಹಿರಿದು. 2002ರಿಂದ ಮಾಲೀಕನೇ ತನ್ನ ಆಸ್ತಿಯ ತೆರಿಗೆಯನ್ನು ಲೆಕ್ಕ ಹಾಕಿ ತುಂಬುವ ಸ್ವಯಂ ಘೋಷಣೆಯ ಪದ್ಧತಿ ಬಂದಿತು. ಏಪ್ರಿಲ್ ತಿಂಗಳಲ್ಲಿಯೇ ತುಂಬಿದವರಿಗೆ ಶೇ. 5ರಷ್ಟು ರಿಯಾಯಿತಿ. ರಸೀದಿಯಲ್ಲಿ ತೆರಿಗೆಯ ಕೆಳಗೆ ಕಾಣುವ ಗ್ರಂಥಾಲಯ ಕರ, ಭಿಕ್ಷುಕರ ಕರ ಮೊದಲಾದವು ಪುರಸಭೆಯ ಪಾಲಿನವಲ್ಲ. ಗ್ರಂಥಾಲಯಕ್ಕೆಂದು ತೆರಿಗೆಯ ಮೇಲೆ ಶೇ. 6, ಭಿಕ್ಷಾಟನೆ ನಿಷೇಧದ ನಿಧಿಗೆಂದು ಶೇ. 3 ವಸೂಲಾಗುತ್ತವೆ, ಪುರಸಭೆಯು ಅವುಗಳನ್ನು ಸಂಗ್ರಹಿಸಿ ಸಂಬಂಧಪಟ್ಟ ಇಲಾಖೆಗೆ ಒಪ್ಪಿಸಬೇಕಾದ ಕೇವಲ ಹೊರೆಯಾಳು. ಒಪ್ಪಿಸದೆ ತನ್ನ ಖರ್ಚಿಗೆ ಬಳಸಿಕೊಂಡರೆ ಊರಿನ ವಾಚನಾಲಯಕ್ಕೆ ಹೊಸ ಪುಸ್ತಕ ಬಾರದು. ಶಾಲೆಯ ಮಕ್ಕಳೂ ಕೇಳಬಹುದಾದ ಪ್ರಶ್ನೆಯಿದು: ಕಳೆದ ವರ್ಷ ನಮ್ಮ ಊರಿನಲ್ಲಿ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಪಾವತಿಯಾಯಿತು?

ಮಳಿಗೆಗಳ ಬಾಡಿಗೆ, ನೀರಿನ ಕರ, ಸಂತೆಕರ, ಪರವಾನಿಗೆ ಶುಲ್ಕಗಳು ಸ್ವಂತ ಆದಾಯದ ಉಳಿದ ಬಾಬುಗಳು. ಬಸ್‌ನಿಲ್ದಾಣದ ಎದುರಿನ ಮಳಿಗೆಯನ್ನು ದಶಕಗಳ ಹಿಂದಿನ ಬಾಡಿಗೆಗೆ ಹಿಡಿದವನು ಅದನ್ನೇ ಮತ್ತೊಬ್ಬನಿಗೆ ಹಲವು ಪಟ್ಟು ಹೆಚ್ಚಿಗೆ ಕೊಟ್ಟು ಮನೆಯಲ್ಲಿ ಕುಳಿತಿರುವುದು ಅಪರೂಪದ ದೃಶ್ಯವಲ್ಲ. ಮರುಹರಾಜಿನ ವಿಷಯವು ಸಭೆಗೆ ಬಂದು ಬಂದು ಮುಂದೂಡಲ್ಪಡುತ್ತಿದ್ದರೆ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ.

ಸಣ್ಣ ಊರಿನ ಸಂಸ್ಥೆಯ ಕೈಗೆ ಹೆಚ್ಚಿನ ಹಣ ಬರುವುದು ಮೇಲಿನಿಂದ. ರಾಜ್ಯ ಹಣಕಾಸು ಆಯೋಗದ ಅನುದಾನ ಒಂದು, ಕೇಂದ್ರ ಹಣಕಾಸು ಆಯೋಗದ ಅನುದಾನ ಇನ್ನೊಂದು. ಹದಿನೈದನೆಯ ಹಣಕಾಸು ಆಯೋಗವು 2021-26ರ ಅವಧಿಗೆ ಇಂಥ ಊರುಗಳ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಗಳಿಗೆ ಕಟ್ಟುಹಾಕಿ ಶೇ. 40ನ್ನು ಮಾತ್ರ ಸಭೆಯ ವಿವೇಚನೆಗೆ ಬಿಟ್ಟಿತು. ಸದಸ್ಯನು ತನ್ನ ವಾರ್ಡಿನ ಸಮುದಾಯ ಭವನಕ್ಕೆ ಹಣ ಕೇಳಿದಾಗ ಮುಖ್ಯಾಧಿಕಾರಿ ಇಲ್ಲವೆಂದರೆ ಅದು ಯಾವಾಗಲೂ ಹಟವಲ್ಲ. ಹಣಕ್ಕೇ ಹಗ್ಗ ಕಟ್ಟಿರಬಹುದು. ಇನ್ನು ಪರಿಶಿಷ್ಟರ ಕಲ್ಯಾಣಕ್ಕೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎಂದು ತೆಗೆದಿರಿಸಿದ ನಿಧಿಗಳ ಹೆಸರನ್ನು ನಮ್ಮ ರಾಜ್ಯದ ಪುರಸಭೆಗಳ ಕಡತಗಳಲ್ಲಿ ಕಾಣುತ್ತ ಬಂದಿದ್ದೇವೆ. ಮಾರ್ಚಿ ತಿಂಗಳು ಹತ್ತಿರವಾದಂತೆ ಇವುಗಳಿಂದ ಹೊಲಿಗೆಯಂತ್ರ, ಮೂರು ಚಕ್ರದ ವಾಹನ, ಲ್ಯಾಪ್‌ಟಾಪುಗಳನ್ನು ಅವಸರದಿಂದ ಹಂಚುವುದೂ ಉಂಟು. ಫಲಾನುಭವಿಗಳ ಪಟ್ಟಿಯು ಸಭೆಯ ಮುಂದೆ ಬಂದ ದಿನ ಅದನ್ನು ಹೆಸರು ಹೆಸರಾಗಿ ಓದಿಸಬೇಕು. ಬಡವನ ಹೆಸರು ಬಿಟ್ಟುಹೋಗುವುದು ಅಲ್ಲಿಯೇ.

ವರ್ಷಕ್ಕೊಮ್ಮೆ ಬರುವ ಆಯವ್ಯಯದ ಸಭೆಗೆ ಪತ್ರಿಕೆಗಳಲ್ಲಿ ದೊಡ್ಡ ತಲೆಬರಹ ದೊರೆಯುತ್ತದೆ: ಇಂತಿಷ್ಟು ಲಕ್ಷದ ಉಳಿತಾಯದ ಬಜೆಟ್ಟು ಎಂದು. ಆ ಉಳಿತಾಯಕ್ಕೆ ಹಿಗ್ಗುವ ಮೊದಲು ಹಿಂದಿನ ವರ್ಷದ ಅಂದಾಜು ಮತ್ತು ನಿಜವಾದ ವಸೂಲಿ ಎಂಬ ಎರಡು ಅಂಕಣಗಳನ್ನು ಹೋಲಿಸಿ ನೋಡಬೇಕು. ಬಾರದ ಹಣವನ್ನು ಬರುವುದೆಂದು ಬರೆದರೆ ಕಾಗದದ ಮೇಲೆ ಉಳಿತಾಯವಾಗದೆ ಏನಾದೀತು? ಬಜೆಟ್ಟಿಗೆ ಮುನ್ನ ಸಾರ್ವಜನಿಕರ ಸಲಹೆಗಾಗಿ ಪೂರ್ವಭಾವಿ ಸಭೆ ಕರೆಯುವ ಪದ್ಧತಿಯಿದೆ. ಅಲ್ಲಿ ಪ್ರೇಕ್ಷಕನಿಗೂ ಮಾತನಾಡಲು ಅವಕಾಶವಿರುವುದರಿಂದ ಆ ದಿನವನ್ನು ತಪ್ಪಿಸಬಾರದು.

ಒಂದು ತೀರ್ಮಾನದ ಹಾದಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಓಣಿಯ ಚರಂಡಿಯೆಂದಿರಲಿ. ಮೊದಲು ಅದು ಕ್ರಿಯಾಯೋಜನೆಯಲ್ಲಿ ಸೇರಿ ಸಭೆಯ ಒಪ್ಪಿಗೆ ಪಡೆಯಬೇಕು. ಬಳಿಕ ಕ್ರಿಯಾಯೋಜನೆಯು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಿಬರುತ್ತದೆ. ಅಭಿಯಂತರರು ಅಂದಾಜು ಪಟ್ಟಿ ತಯಾರಿಸುತ್ತಾರೆ. 1999ರ ಪಾರದರ್ಶಕ ಅಧಿನಿಯಮದ ಮೇರೆಗೆ ಟೆಂಡರು ಕರೆಯಲಾಗುತ್ತದೆ. ದರ ಒಪ್ಪಿಗೆಯಾದ ಮೇಲೆ ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕದಲ್ಲಿ ದಾಖಲೆ, ಕೊನೆಗೆ ಬಿಲ್ಲು. ಚರಂಡಿಯ ಉದ್ದವು ಈ ಹಾದಿಯಲ್ಲಿ ನಾಲ್ಕು ಕಡೆ ಬರೆಯಲ್ಪಡುತ್ತದೆ: ಕ್ರಿಯಾಯೋಜನೆಯಲ್ಲಿ, ಅಂದಾಜಿನಲ್ಲಿ, ಕಾರ್ಯಾದೇಶದಲ್ಲಿ, ಅಳತೆ ಪುಸ್ತಕದಲ್ಲಿ. ಐದನೆಯದಾಗಿ ಅದು ನೆಲದ ಮೇಲೆಯೂ ಇದೆ. ಹತ್ತನೆಯ ತರಗತಿಯ ಹುಡುಗನೊಬ್ಬನು ಟೇಪು ಹಿಡಿದು ಅಳೆದರೆ ಐದೂ ಅಂಕಿಗಳು ತಾಳೆಯಾಗುತ್ತವೆಯೋ ಇಲ್ಲವೋ ತಿಳಿಯುತ್ತದೆ. ಗಣಿತದ ಪಾಠಕ್ಕೂ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಸಭೆಯು ಒಪ್ಪಿದ ಮಾತ್ರಕ್ಕೆ ಎಲ್ಲವೂ ನಡೆದೇ ತೀರುವುದೆಂದೂ ತಿಳಿಯಬಾರದು. ಕಾನೂನಿಗೆ ವಿರುದ್ಧವಾದ ಅಥವಾ ಸಾರ್ವಜನಿಕರಿಗೆ ಹಾನಿಕರವಾದ ಠರಾವಿನ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಬರೆದುಕೊಟ್ಟ ದೂರಿನೊಂದಿಗೆ ಠರಾವಿನ ಪ್ರತಿಯನ್ನೂ ಲಗತ್ತಿಸಿದರೆ ಅದಕ್ಕೆ ಬೆಲೆ ಬರುತ್ತದೆ.

ಪ್ರತಿಯನ್ನು ಪಡೆಯುವ ದಾರಿ 2005ರ ಮಾಹಿತಿ ಹಕ್ಕು ಅಧಿನಿಯಮ. ನಮ್ಮ ರಾಜ್ಯದಲ್ಲಿ ಹತ್ತು ರೂಪಾಯಿಯ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಉತ್ತರಕ್ಕೆ 30 ದಿನಗಳ ಗಡುವು. ಕೇಳುವುದಕ್ಕೂ ಒಂದು ಕ್ರಮವುಂಟು. 'ನಮ್ಮ ಓಣಿಗೆ ಅನ್ಯಾಯವೇಕೆ ಮಾಡಿದಿರಿ?' ಎಂದು ಬರೆದರೆ ಅದು ಮಾಹಿತಿಯ ಅರ್ಜಿಯಾಗದು, ಹಿಂಬರಹ ಬಂದು ಮುಗಿಯುತ್ತದೆ. 'ಇಂಥ ದಿನಾಂಕದ ಸಾಮಾನ್ಯ ಸಭೆಯ ನಡವಳಿಯ ದೃಢೀಕೃತ ಪ್ರತಿ', 'ಇಂಥ ಕಾಮಗಾರಿಯ ಅಳತೆ ಪುಸ್ತಕದ ಪ್ರತಿ' ಎಂದು ದಾಖಲೆಯನ್ನೇ ಹೆಸರಿಸಿ ಕೇಳಬೇಕು. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರಾದುದರಿಂದ ಅರ್ಜಿ ಹಾಕಿದವನ ಮನೆಗೆ ಸಂಜೆಯೇ ಸುದ್ದಿ ಮುಟ್ಟುತ್ತದೆ. 'ಏನಣ್ಣಾ, ನಮ್ಮ ಮೇಲೇಕೆ ಸಿಟ್ಟು?' ಎಂಬ ಮಾತೂ ಬರುತ್ತದೆ. ಇದು ಸಣ್ಣ ತೊಡಕಲ್ಲ. ಬೀಗತನ, ಅಂಗಡಿಯ ಉದ್ರಿ, ಓಣಿಯ ಸಲುಗೆಗಳ ನಡುವೆ ಪ್ರಶ್ನೆ ಕೇಳುವವನು ಒಂಟಿಯಾಗುತ್ತಾನೆ. ನಾಲ್ಕಾರು ಜನ ಕೂಡಿ ಸರದಿಯ ಮೇಲೆ ಸಭೆಗೆ ಹೋಗುವುದು, ಒಂದೇ ವಹಿಯಲ್ಲಿ ತಿಂಗಳ ತಿಂಗಳ ಟಿಪ್ಪಣಿ ಬರೆದಿಡುವುದು, ಒಳ್ಳೆಯ ಕೆಲಸವಾದಾಗ ಅದನ್ನೂ ಅಷ್ಟೇ ನಿಷ್ಠೆಯಿಂದ ನಮೂದಿಸುವುದು, ಇಷ್ಟಾದರೆ ಪ್ರಶ್ನೆಗೆ ಹಗೆತನದ ವಾಸನೆ ಕಡಿಮೆಯಾಗುತ್ತದೆ. ವಸೂಲಿ ಹೆಚ್ಚಿದ ವರ್ಷ, ಪೌರಕಾರ್ಮಿಕರ ಸಂಬಳ ಸಕಾಲಕ್ಕೆ ಆದ ತಿಂಗಳು, ನೀರಿನ ಸೋರಿಕೆ ನಿಂತ ಓಣಿ ಇವೂ ವಹಿಯಲ್ಲಿರಲಿ.

ಕೊನೆಯದಾಗಿ ಲೆಕ್ಕಪರಿಶೋಧನೆಯ ವರದಿ. ರಾಜ್ಯ ಸರ್ಕಾರದ ಲೆಕ್ಕಪರಿಶೋಧಕರು ಪುರಸಭೆಯ ಲೆಕ್ಕಗಳನ್ನು ಪರಿಶೀಲಿಸಿ ಆಕ್ಷೇಪಣೆಗೊಳಪಟ್ಟ ಮೊತ್ತ, ವಸೂಲಾತಿಗೆ ಸೂಚಿಸಿದ ಮೊತ್ತ ಎಂದು ಬೇರೆ ಬೇರೆಯಾಗಿ ಬರೆಯುತ್ತಾರೆ. ಆಕ್ಷೇಪಣೆಯೆಂದರೆ ಕಾಗದಪತ್ರ ತೃಪ್ತಿಕರವಾಗಿಲ್ಲವೆಂದಷ್ಟೇ ಆಗಬಹುದು. ವೋಚರು ಹಾಜರುಪಡಿಸಿದರೆ ಅದು ತೀರಿಹೋಗುತ್ತದೆ. ವಸೂಲಾತಿಯೆಂದರೆ ಹಾಗಲ್ಲ, ಯಾರೋ ಹಣವನ್ನು ಹಿಂದಕ್ಕೆ ಕಟ್ಟಬೇಕೆಂದರ್ಥ. ಪತ್ರಿಕೆಗಳು ಇವೆರಡನ್ನೂ ಕೂಡಿಸಿ 'ಅವ್ಯವಹಾರ' ಎಂದು ಬರೆಯುವುದರಿಂದ ಓದುಗನು ಎಚ್ಚರದಿಂದಿರಬೇಕು. ವರದಿ ಬಂದ ಮೇಲೆ ಅದಕ್ಕೆ ಅನುಪಾಲನಾ ವರದಿ ಹೋಗಬೇಕು. ಹಳೆಯ ಕಂಡಿಕೆಗಳು ವರ್ಷ ವರ್ಷವೂ 'ಬಾಕಿ' ಎಂದೇ ಮುಂದಕ್ಕೆ ಸಾಗುತ್ತಿರುತ್ತವೆ. ಅಷ್ಟರಲ್ಲಿ ಅಧಿಕಾರಿಗಳು ವರ್ಗವಾಗಿರುತ್ತಾರೆ, ಸದಸ್ಯರು ಬದಲಾಗಿರುತ್ತಾರೆ. ಅಂಥ ಒಂದು ಕಂಡಿಕೆಯ ಮೂಲವನ್ನು ತಿಳಿಯಬೇಕಾದರೆ ಅದರಲ್ಲಿ ನಮೂದಾದ ಠರಾವಿನ ಸಂಖ್ಯೆಯನ್ನೂ ದಿನಾಂಕವನ್ನೂ ಬರೆದುಕೊಂಡು, ಆ ತಿಂಗಳಿನ ನಡವಳಿ ಪುಸ್ತಕವನ್ನು ತೆರೆಯಿಸಿ, ಸೂಚಕರ ಮತ್ತು ಅನುಮೋದಕರ ಹೆಸರುಗಳಿರುವ ಸಾಲನ್ನು ನೋಡಬೇಕು.